ಊರಹಬ್ಬದ ಅರ್ಥ: ನಮ್ಮ ಸೀಮೆಯಲ್ಲಿ, ಕಡಲಾಚೆಯ ಫಿಲಿಪ್ಪೀನ್ಸಿನಲ್ಲಿ

ದೇವಾಲಯವೊಂದರ ನೂರು ವರ್ಷಗಳ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಕಟ್ಟಡದಿಂದ ಆರಂಭಿಸುತ್ತಾರೆ. ಅಡಿಗಲ್ಲನ್ನಿಟ್ಟ ವರ್ಷ, ಗಂಟೆಗೋಪುರ ಎದ್ದ ವರ್ಷ, ಸೇವೆ ಸಲ್ಲಿಸಿದ ಗುರುಗಳ ಹೆಸರುಗಳು ಎಲ್ಲವೂ ದಾಖಲಾಗಬೇಕಾದುವೇ; ಸ್ಮರಣ ಸಂಚಿಕೆಗೆ ಅವು ಭೂಷಣ. ಆದರೆ ಧರ್ಮಕೇಂದ್ರದ ಹಿರಿಯರ ಬಳಿ ಕುಳಿತು, ಹಳೆಯ ಸಂಗತಿಯೇನನ್ನಾದರೂ ಹೇಳಿರೆಂದು ನಾವು ಕೇಳಿದಾಗ ಅವರ ಬಾಯಿಂದ ಕಟ್ಟಡದ ಮಾತು ಬರಲಿಲ್ಲ. ಹಬ್ಬದ ಮಾತು ಬಂದಿತು. ತೇರು ಮಳೆಯಲ್ಲಿ ನೆನೆದ ವರ್ಷ, ಬೆಳೆ ಹೋದರೂ ಅನ್ನದಾನ ನಿಲ್ಲದ ವರ್ಷ, ಅಣ್ಣತಮ್ಮಂದಿರ ವ್ಯಾಜ್ಯ ಹಬ್ಬದ ಹಿಂದಿನ ರಾತ್ರಿ ತೀರಿದ ವರ್ಷ ಎಂದೇ ಅವರು ಕಾಲವನ್ನು ಎಣಿಸುತ್ತಿದ್ದರು. ಜನರ ನೆನಪಿನಲ್ಲಿ ಇಷ್ಟು ಆಳವಾಗಿ ಬೇರುಬಿಟ್ಟಿರುವ ಈ ಹಬ್ಬವೆಂಬುದು ಏನು? ಅದು ವಿಶ್ವಾಸದ ಮೇಲಿನ ಬರಿಯ ಅಲಂಕಾರವೇ, ಅಥವಾ ವಿಶ್ವಾಸವನ್ನೇ ಹೊತ್ತು ತಂದ ಬಂಡಿಯೇ? ಈ ಪ್ರಶ್ನೆಯನ್ನು ನಮ್ಮ ಸೀಮೆಯ ಚರಿತ್ರೆಯೊಡನೆಯೂ, ಹಬ್ಬಗಳಿಗೆ ಹೆಸರಾದ ಫಿಲಿಪ್ಪೀನ್ಸ್ ದೇಶದ ಚರಿತ್ರೆಯೊಡನೆಯೂ ಇಟ್ಟು ನೋಡುವುದು ಈ ಲೇಖನದ ಉದ್ದೇಶ.

ಬಂಡಿಗಳಲ್ಲಿ ಬಂದವರ ನಾಡು

ದೇವನಹಳ್ಳಿಯಿಂದ ಉತ್ತರಕ್ಕೆ ಹೆದ್ದಾರಿಯಲ್ಲಿ ಸಾಗುವವರಿಗೆ ಆವತಿಯ ಬೆಟ್ಟ ಕಾಣುತ್ತದೆ; ಅದರ ಮೇಲೆ ತಿಮ್ಮರಾಯಸ್ವಾಮಿಯ ಗುಡಿ. ಇಂದು ಸಣ್ಣ ಊರಾದರೂ ಚರಿತ್ರೆಯಲ್ಲಿ ಆವತಿಯ ಸ್ಥಾನ ದೊಡ್ಡದು. 15ನೆಯ ಶತಮಾನದಲ್ಲಿ ಕಂಚಿಯ ಕಡೆಯಿಂದ ಏಳು ಮಂದಿ ಒಕ್ಕಲಿಗರು ತಮ್ಮ ಸಂಸಾರಗಳೊಡನೆ ಬಂಡಿಗಳಲ್ಲಿ ಹೊರಟು, ನಂದಿದುರ್ಗದ ಮೂಡಲಿಗೆ ಬೆಟ್ಟದ ಬುಡದಲ್ಲಿ ತಂಗಿ, ಬಳಿಕ ಆವತಿಯಲ್ಲಿ ನೆಲೆನಿಂತರೆಂದು ಐತಿಹ್ಯ ಹೇಳುತ್ತದೆ. ತಮ್ಮ ಮನೆಯ ಹೆಣ್ಣುಮಗಳನ್ನು ಬಲಾತ್ಕಾರವಾಗಿ ಕೇಳಿದ ಪಾಳೆಯಗಾರನಿಂದ ತಪ್ಪಿಸಿಕೊಂಡು ಬಂದವರು ಅವರು. ಅವರ ನಾಯಕ ರಣಭೈರೇಗೌಡ. ಆ ವಂಶದ ಮಲ್ಲಭೈರೇಗೌಡನು 1501ರಲ್ಲಿ ದೇವನಹಳ್ಳಿಯ ಕೋಟೆಯನ್ನು ಕಟ್ಟಿಸಿದನು. ಚಿಕ್ಕಬಳ್ಳಾಪುರವೂ ಆ ಮನೆತನದ್ದೇ. 1537ರಲ್ಲಿ ಬೆಂಗಳೂರನ್ನು ಕಟ್ಟಿಸಿದ ಕೆಂಪೇಗೌಡರ ಮೂಲವನ್ನೂ ಆವತಿಗೇ ಹೇಳುವುದುಂಟು. ಓಡಿಬಂದವರು, ನೆಲೆಯಿಲ್ಲದವರು ಕಟ್ಟಿದ ನಾಡು ಇದೆಂಬುದನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ನಮ್ಮ ಕೋರಿಕೆ. ಲೇಖನದ ಕೊನೆಯಲ್ಲಿ ಈ ಮಾತಿಗೆ ನಾವು ಮರಳಿ ಬರುತ್ತೇವೆ.

ಕ್ರೈಸ್ತ ವಿಶ್ವಾಸವೂ ಈ ಸೀಮೆಗೆ ಹೀಗೆಯೇ ನಡೆದು ಬಂದಿತು. 17ನೆಯ ಶತಮಾನದ ನಡುವಿನಲ್ಲಿ ಇಟಲಿಯ ಯೇಸುಸಭೆಯ ಗುರು ಲಿಯೊನಾರ್ದೊ ಚಿನ್ನಾಮಿಯವರು ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ನಿಗೆ ಅಡಿಪಾಯ ಹಾಕಿದರು. ಸಂನ್ಯಾಸಿಯ ಉಡುಗೆಯುಟ್ಟು, ಕನ್ನಡವನ್ನು ಕಲಿತು, ಕನ್ನಡದಲ್ಲಿಯೇ ಧರ್ಮೋಪದೇಶವನ್ನು ಬರೆದವರು ಅವರು. ಮುಂದೆ ಪುದುಚೇರಿಯ ಕಡೆಯಿಂದ ಫ್ರೆಂಚ್ ಗುರುಗಳು ಕರ್ನಾಟಿಕ್ ಮಿಷನ್ನಿನ ಪರವಾಗಿ ಈ ಪ್ರದೇಶಕ್ಕೆ ಬಂದರು. ಗುರು ಲೆ ಗಾಕ್ ಎಂಬವರು 1709ರ ಆರಂಭದಲ್ಲಿ ಆವತಿಗೆ ನೆರೆಯಾದ ಚಿಕ್ಕಬಳ್ಳಾಪುರದಿಂದ ತಮ್ಮ ದೇಶಕ್ಕೆ ಬರೆದ ಕಾಗದ ಅಚ್ಚಾಗಿ ಉಳಿದಿದೆ.

ಆದರೆ 1773ರಲ್ಲಿ ಯೇಸುಸಭೆಯನ್ನು ಜಗದ್ಗುರುಗಳು ವಿಸರ್ಜಿಸಿದರು. ಹೊಸ ಗುರುಗಳು ಬರುವುದು ನಿಂತಿತು. 1784ರಲ್ಲಿ ಕರಾವಳಿಯ ಕ್ರೈಸ್ತರು ಸೆರೆಯಾಳುಗಳಾಗಿ ಶ್ರೀರಂಗಪಟ್ಟಣಕ್ಕೆ ನಡೆದರು. 1799ರವರೆಗಿನ ಆ ಕಾಲದಲ್ಲಿ ಎಷ್ಟೋ ಹಳ್ಳಿಗಳಲ್ಲಿ ಬಲಿಪೂಜೆಯೆಂಬುದು ಅಪರೂಪದ ಭಾಗ್ಯವಾಗಿತ್ತು. ಗುರುವಿಲ್ಲದ ಹಳ್ಳಿಯಲ್ಲಿ ವಿಶ್ವಾಸವನ್ನು ಉಳಿಸಿದ್ದು ಯಾವುದು? ಉಪದೇಶಿಯ ಬಾಯಿಪಾಠ, ತಾಯಂದಿರ ಜಪಸರ, ವರ್ಷಕ್ಕೊಮ್ಮೆ ತಾವೇ ಕೂಡಿ ಮಾಡಿಕೊಳ್ಳುತ್ತಿದ್ದ ಹಬ್ಬ. ಓದು ಬಾರದ ಜನರಿಗೆ ಧರ್ಮಸಭೆಯ ಪಂಚಾಂಗವೇ ಧರ್ಮಗ್ರಂಥವಾಗಿತ್ತು ಎಂದರೆ ಅತಿಶಯೋಕ್ತಿಯಾಗಲಾರದು.

ಅಬ್ಬೆ ದ್ಯುಬುವಾ ಅವರ ಸಂಕೋಚ

1799ರ ನಂತರ ಚದುರಿಹೋಗಿದ್ದ ಕ್ರೈಸ್ತರನ್ನು ಒಂದುಗೂಡಿಸಿದವರು ಫ್ರಾನ್ಸ್ ದೇಶದ ಅಬ್ಬೆ ದ್ಯುಬುವಾ. ಜನರು ಅವರನ್ನು ‘ದೊಡ್ಡ ಸ್ವಾಮಿಯವರು’ ಎಂದು ಕರೆದರು. ಒಕ್ಕಲು ಮಕ್ಕಳಿಗೆ ನೆಲೆ ಕಲ್ಪಿಸಿದರು. ಸಿಡುಬಿನ ಲಸಿಕೆಯನ್ನು 1803-04ರಲ್ಲಿ 25,000ಕ್ಕೂ ಹೆಚ್ಚು ಜನರಿಗೆ ಹಾಕಿಸಿದರು. ನಮ್ಮವರಂತೆಯೇ ಉಟ್ಟು ಉಂಡು ಮೂರು ದಶಕಗಳ ಕಾಲ ದಕ್ಷಿಣ ಭಾರತದಲ್ಲಿ ಬಾಳಿದ ಈ ಮಹನೀಯರಿಗೆ ಹಿಡಿಸದಿದ್ದ ಸಂಗತಿಯೊಂದಿತ್ತು. ಅದು ನಮ್ಮ ಹಬ್ಬದ ಮೆರವಣಿಗೆ! ಸ್ವದೇಶಕ್ಕೆ ಹಿಂದಿರುಗಿದ 1823ರಲ್ಲಿ ಪ್ರಕಟಿಸಿದ ಪತ್ರಗಳಲ್ಲಿ ಅವರು ಇದನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ರಾತ್ರಿಯ ವೇಳೆ ಪಂಜುಗಳು, ಬಾಣಬಿರುಸುಗಳು, ತಮಟೆ ಕಹಳೆಗಳ ಗದ್ದಲ, ಹೂಮಾಲೆಗಳಿಂದ ಮುಚ್ಚಿದ ತೇರಿನ ಮೇಲೆ ಸಂತರ ಸ್ವರೂಪ, ಇವೆಲ್ಲ ತಮಗೆ ಸದಾ ನಾಚಿಕೆಯ ವಿಷಯವಾಗಿದ್ದುವೆಂದು ಅವರ ಅಭಿಪ್ರಾಯ.

ಚರಿತ್ರೆಯ ಚೋದ್ಯವನ್ನು ನೋಡಿರಿ. ಅದೇ ದ್ಯುಬುವಾ ಅವರು 1818ರಲ್ಲಿ ಬೆಂಗಳೂರಿನ ಬ್ಲಾಕ್‌ಪಳ್ಳಿಯಲ್ಲಿ, ಎಂದರೆ ಇಂದಿನ ಶಿವಾಜಿನಗರದಲ್ಲಿ, ಮಾತೆ ಮರಿಯಮ್ಮನವರ ಹೆಸರಿನಲ್ಲಿ ಒಂದು ಚಿಕ್ಕ ಪ್ರಾರ್ಥನಾಲಯವನ್ನು ಕಟ್ಟಿಸಿದರು. ಆ ಸ್ಥಳದಲ್ಲಿ ಗುರು ಕ್ಲೈನರ್ ಅವರು 1875ರಲ್ಲಿ ಆರಂಭಿಸಿದ ದೊಡ್ಡ ದೇವಾಲಯ 1882ರ ಸೆಪ್ಟೆಂಬರ್ 8ರಂದು ಪ್ರತಿಷ್ಠಿತವಾಯಿತು. 1898ರ ಪ್ಲೇಗಿನ ಸಂಕಟದಲ್ಲಿ ಜಾತಿಮತಗಳ ಭೇದವಿಲ್ಲದೆ ಜನರು ಅಲ್ಲಿ ಮೊರೆಯಿಟ್ಟರು. 1973ರಲ್ಲಿ ಆರನೆಯ ಪೌಲ ಜಗದ್ಗುರುಗಳು ಅದಕ್ಕೆ ಬಸಿಲಿಕಾ ಪದವಿಯನ್ನು ದಯಪಾಲಿಸಿದರು. ಇಂದು ಆಗಸ್ಟ್ 29ರ ಧ್ವಜಾರೋಹಣದಿಂದ ಸೆಪ್ಟೆಂಬರ್ 8ರ ತೇರಿನವರೆಗೆ, ಕಾವಿಬಣ್ಣದ ಉಡುಗೆಯ ಹರಕೆಹೊತ್ತವರು, ದೂರದಿಂದ ಬರಿಗಾಲಿನಲ್ಲಿ ನಡೆದುಬಂದವರು, ಸೀರೆಯುಟ್ಟು ನಿಂತ ಮಾತೆಯ ಮುಂದೆ ಮೇಣದ ಬತ್ತಿ ಹಿಡಿದ ಎಲ್ಲ ಮತಗಳ ಜನರು ಅಲ್ಲಿ ನೆರೆಯುತ್ತಾರೆ. ದೊಡ್ಡ ಸ್ವಾಮಿಯವರು ಯಾವುದಕ್ಕೆ ಸಂಕೋಚಪಟ್ಟರೋ ಅದೇ ಅವರು ನೆಟ್ಟ ಬೀಜದಿಂದ ಹೆಮ್ಮರವಾಗಿ ಬೆಳೆಯಿತು.

ಅವರ ಮಾತನ್ನು ಪರಕೀಯನ ತಾತ್ಸಾರವೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಗದ್ದಲದಲ್ಲಿ ಭಕ್ತಿ ಕಳೆದುಹೋಗಬಾರದೆಂಬ ಅವರ ಆತಂಕ ಇಂದಿಗೂ ಸಲ್ಲುವಂಥದು. ಈ ಆತಂಕ ನಮ್ಮ ನಾಡಿಗೆ ಮಾತ್ರ ಸೀಮಿತವಾದುದೂ ಅಲ್ಲ. ಪೂರ್ವದ ಕಡಲಿನಲ್ಲಿ ಏಳು ಸಾವಿರಕ್ಕೂ ಮಿಗಿಲಾದ ದ್ವೀಪಗಳಲ್ಲಿ ಹರಡಿರುವ ಇನ್ನೊಂದು ಜನಾಂಗ ಇದೇ ಪ್ರಶ್ನೆಯನ್ನು ಎದುರಿಸಿತು.

ಗಂಟೆಯ ದನಿ ಕೇಳುವಷ್ಟು ದೂರ

ಫಿಲಿಪ್ಪೀನ್ಸಿನ ಜನರಲ್ಲಿ ಹತ್ತರಲ್ಲಿ ಸುಮಾರು ಎಂಟು ಮಂದಿ ಕಥೋಲಿಕರು. 1521ರಲ್ಲಿ ಮೆಗೆಲ್ಲನನ ಹಡಗುಗಳು ಸೆಬು ದ್ವೀಪವನ್ನು ಮುಟ್ಟಿದಾಗ ಅಲ್ಲಿನ ರಾಣಿಗೆ ದೀಕ್ಷಾಸ್ನಾನವಾಯಿತು. ಬಾಲಯೇಸುವಿನ ಮರದ ಪ್ರತಿಮೆಯೊಂದನ್ನು ಆಕೆಗೆ ಕಾಣಿಕೆಯಾಗಿ ಕೊಟ್ಟರು. ಕೆಲವೇ ದಿನಗಳಲ್ಲಿ ಮೆಗೆಲ್ಲನನು ಯುದ್ಧದಲ್ಲಿ ಮಡಿದನು, ಹಡಗುಗಳು ಹೊರಟುಹೋದವು. ನಾಲ್ವತ್ತನಾಲ್ಕು ವರ್ಷಗಳ ಮೇಲೆ, 1565ರಲ್ಲಿ, ಲೆಗಾಸ್ಪಿಯ ಸೈನಿಕರು ಬಂದಾಗ ಆ ಪ್ರತಿಮೆ ಒಂದು ಮನೆಯಲ್ಲಿ ಸುರಕ್ಷಿತವಾಗಿತ್ತು. ಗುರುಗಳಿಲ್ಲದ ಆ ಅವಧಿಯುದ್ದಕ್ಕೂ ಜನರು ಅದನ್ನು ಕಾಪಾಡಿದ್ದರು. ನಮ್ಮ ಹಳ್ಳಿಗಳ ಚರಿತ್ರೆಯನ್ನು ಬಲ್ಲವರಿಗೆ ಇದರ ಅರ್ಥ ಒಡನೆಯೇ ಹೊಳೆಯುತ್ತದೆ.

ಸ್ಪೇನಿನ ಆಡಳಿತ ಅಲ್ಲಿ ನೆಲೆಯೂರಿದ ಮೇಲೆ, ಹೊಲಗಳ ನಡುವೆ ಚದುರಿ ಬಾಳುತ್ತಿದ್ದ ಜನರನ್ನು ದೇವಾಲಯದ ಗಂಟೆಯ ದನಿ ಕೇಳುವಷ್ಟು ಸಮೀಪಕ್ಕೆ ತಂದು ಕೂಡಿಸುವುದು ಮಿಷನರಿಗಳ ನೀತಿಯಾಯಿತು. ಬರಲೊಲ್ಲದವರನ್ನು ವರ್ಷಕ್ಕೊಮ್ಮೆಯಾದರೂ ಊರಿಗೆ ಕರೆತರಲು ಪಾಲಕ ಸಂತರ ಹಬ್ಬ ನೆರವಾಯಿತು. ಆದ್ದರಿಂದ ಅಲ್ಲಿನ ಊರಹಬ್ಬದ, ಎಂದರೆ ‘ಫಿಯೆಸ್ತಾ’ದ, ಹುಟ್ಟಿನಲ್ಲಿ ಆಳುವವರ ಹಿತವೂ ಸೇರಿತ್ತೆಂಬುದನ್ನು ಮರೆಮಾಚಲಾಗದು. ಆ ನಾಡಿನ ಮಹಾದೇಶಭಕ್ತ ಹೊಸೆ ರಿಸಾಲ್ 1887ರಲ್ಲಿ ಪ್ರಕಟಿಸಿದ ‘ನೋಲಿ ಮೆ ತಾಂಗೆರೆ’ ಕಾದಂಬರಿಯಲ್ಲಿ ಒಂದು ಊರಿನ ಹಬ್ಬವನ್ನು ಚಿತ್ರಿಸಿ, ಬಡವರ ಬೆವರನ್ನು ಬಿರುಸುಗಳಾಗಿ ಸುಡುವ ದುಂದನ್ನೂ ಪ್ರತಿಷ್ಠೆಯ ಪೈಪೋಟಿಯನ್ನೂ ಕಟುವಾಗಿ ವಿಡಂಬಿಸಿದರು. ಇಲ್ಲಿ ದ್ಯುಬುವಾ, ಅಲ್ಲಿ ರಿಸಾಲ್: ಒಬ್ಬರು ಗುರು, ಇನ್ನೊಬ್ಬರು ಗುರುಗಳ ಟೀಕಾಕಾರ. ಆದರೂ ಇಬ್ಬರ ಬೆರಳೂ ಒಂದೇ ಗಾಯವನ್ನು ತೋರಿಸಿತು.

ಹಾಗಿದ್ದರೂ ಹಬ್ಬ ಅಳಿಯಲಿಲ್ಲ. ಸ್ಪೇನಿನ ಆಳ್ವಿಕೆ 1898ರಲ್ಲಿ ಮುಗಿಯಿತು; ಫಿಯೆಸ್ತಾ ಉಳಿಯಿತು. ಏಕೆಂದರೆ ಆ ವೇಳೆಗೆ ಅದು ಆಳುವವರದಾಗಿರಲಿಲ್ಲ, ಊರಿನವರದಾಗಿತ್ತು.

ಹರಕೆ, ಅನ್ನ, ಬೀದಿ

ಎರಡು ನಾಡುಗಳ ಹಬ್ಬಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದಾಗ, ಅವುಗಳನ್ನು ಊರಿನ ಸ್ವತ್ತಾಗಿಸಿದ ಮೂರು ಅಂಶಗಳು ನಮಗೆ ಕಾಣುತ್ತವೆ.

ಮೊದಲನೆಯದು ಹರಕೆ. ಸೆಬುವಿನಲ್ಲಿ ಜನವರಿಯ ಮೂರನೆಯ ಭಾನುವಾರ ಬಾಲಯೇಸುವಿನ ಹಬ್ಬ. ಅಂದು ‘ಸಿನುಲೋಗ್’ ಎಂಬ ಕುಣಿತವಿದೆ. ಎರಡು ಹೆಜ್ಜೆ ಮುಂದಕ್ಕೆ, ಒಂದು ಹೆಜ್ಜೆ ಹಿಂದಕ್ಕೆ. ನೀರಿನ ಸೆಳೆತದ ಹೆಸರು ಅದಕ್ಕೆ. 1980ರಿಂದ ಅದು ನಗರದ ಮಹಾಮೇಳವಾಗಿ ಬೆಳೆದಿದೆಯಾದರೂ ಅದರ ಹಳೆಯ ರೂಪ ದೇವಾಲಯದ ಅಂಗಳದಲ್ಲಿ ಇನ್ನೂ ಕಾಣಸಿಗುತ್ತದೆ. ಮೇಣದ ಬತ್ತಿ ಮಾರುವ ಹೆಂಗಸರು, ಕೊಂಡವರ ಬೇಡಿಕೆಯನ್ನು ಕೇಳಿಕೊಂಡು, ಅವರ ಪರವಾಗಿ ಕುಣಿದು ಪ್ರಾರ್ಥಿಸುತ್ತಾರೆ. ಬೆಂಗಳೂರಿನ ವಿವೇಕನಗರದಲ್ಲಿಯೂ ಬಾಲಯೇಸುವಿನ ಹಬ್ಬ ಜನವರಿ 14ರಂದೇ, ನಮ್ಮ ಸಂಕ್ರಾಂತಿಯ ಸುಮಾರಿಗೇ. ಅಲ್ಲಿ ಮಗುವಿಲ್ಲದ ತಾಯಿ, ಕೆಲಸವಿಲ್ಲದ ಯುವಕ, ಕಾಯಿಲೆಯವನ ಹೆಂಡತಿ ಸಾಲಿನಲ್ಲಿ ನಿಂತಿರುತ್ತಾರೆ. ಅಕ್ಷರ ಬಲ್ಲ ನಾವು ಹರಕೆಯನ್ನು ದೇವರೊಡನೆ ವ್ಯಾಪಾರವೆಂದು ಹಗುರವಾಗಿ ಮಾತನಾಡುವುದುಂಟು. ಆದರೆ ನೊಂದವನು ತನ್ನ ನೋವನ್ನು ಎಲ್ಲರೆದುರಿಗೆ ತಂದು ನಿಲ್ಲಿಸಬಹುದಾದ ದಿನ ವರ್ಷದಲ್ಲಿ ಎಷ್ಟಿವೆ? ಆರನೆಯ ಪೌಲ ಜಗದ್ಗುರುಗಳು 1975ರ ತಮ್ಮ ಪ್ರೇರಣಾಪತ್ರದಲ್ಲಿ ಜನಸಾಮಾನ್ಯರ ಭಕ್ತಿಗೆ ಮಿತಿಗಳಿವೆಯೆಂದು ಎಚ್ಚರಿಸಿಯೂ, ಬಡವರೂ ಸರಳರೂ ಮಾತ್ರ ಬಲ್ಲ ದೈವತೃಷ್ಣೆ ಅದರಲ್ಲಿದೆಯೆಂದು ಗೌರವದಿಂದ ಗುರುತಿಸಿದರು.

ಎರಡನೆಯದು ಅನ್ನ. ಡಿಸೆಂಬರ್ 16ರಿಂದ 24ರವರೆಗೆ ಒಂಬತ್ತು ದಿನ ಫಿಲಿಪ್ಪೀನ್ಸಿನಲ್ಲಿ ಕೋಳಿ ಕೂಗುವ ಹೊತ್ತಿಗೆ ಬಲಿಪೂಜೆ. ‘ಸಿಂಬಾಂಗ್ ಗಾಬಿ’ ಎಂದು ಅದರ ಹೆಸರು. ಹೊಲಕ್ಕೆ ಹೊರಡುವ ಮುನ್ನ ರೈತ ಪೂಜೆ ಕಾಣಲೆಂದು ಈ ವೇಳೆ. ಪೂಜೆ ಮುಗಿದ ಮೇಲೆ ದೇವಾಲಯದ ಹೊರಗೆ ಬಿಸಿಬಿಸಿ ಅಕ್ಕಿಯ ಕಡುಬುಗಳು. ಅದೇ ಡಿಸೆಂಬರ್ ನಡುವಿನಿಂದ ನಮ್ಮ ಸೀಮೆಯ ವಿಷ್ಣು ದೇವಾಲಯಗಳಲ್ಲಿ ಧನುರ್ಮಾಸದ ಮುಂಜಾನೆಯ ಪೂಜೆ, ಪೂಜೆಯ ಬಳಿಕ ಹುಗ್ಗಿಯ ಪ್ರಸಾದ! ಒಂದರಿಂದ ಇನ್ನೊಂದು ಹುಟ್ಟಿತೆಂದು ನಾವು ಹೇಳುತ್ತಿಲ್ಲ. ಚಳಿಯ ನಸುಕಿನಲ್ಲಿ ದೇವರನ್ನು ನೆನೆದು, ಬಿಸಿಯಾದುದನ್ನು ಹಂಚಿಕೊಂಡು ತಿನ್ನಬೇಕೆಂಬ ಆಸೆ ಎರಡು ನಾಡುಗಳ ರೈತರಿಗೂ ಒಂದೇ ಎಂದಷ್ಟೇ ಹೇಳುತ್ತೇವೆ. ಮೇ 15ರಂದು ರೈತಸಂತ ಇಸಿದೋರರ ಹಬ್ಬಕ್ಕೆ ಲುಕ್ಬಾನ್ ಪಟ್ಟಣದವರು ತಮ್ಮ ಮನೆಗಳ ಮುಂಭಾಗವನ್ನು ತರಕಾರಿ, ಹಣ್ಣು, ಅಕ್ಕಿಹಿಟ್ಟಿನಿಂದ ಮಾಡಿದ ಬಣ್ಣದ ಎಲೆಗಳಿಂದ ಸಿಂಗರಿಸುತ್ತಾರೆ. ನಮ್ಮ ಕರಾವಳಿಯಲ್ಲಿ ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಮಕ್ಕಳು ಬಾಲೆ ಮರಿಯಮ್ಮನಿಗೆ ಹೂವನ್ನರ್ಪಿಸುತ್ತಾರೆ. ಆಶೀರ್ವದಿಸಿದ ಹೊಸ ತೆನೆ ಮನೆಮನೆಗೆ ಹೋಗುತ್ತದೆ. ಮನೆಯವರೆಲ್ಲ ಕೂಡಿ ಹೊಸ ಅಕ್ಕಿಯ ಊಟ ಮಾಡುತ್ತಾರೆ. 1763ರಲ್ಲಿ ಫರಂಗಿಪೇಟೆಯಲ್ಲಿ ಗುರು ಜೋಕಿಂ ಮಿರಾಂದರು ಈ ಆಚರಣೆಯನ್ನು ಬೆಳೆಸಿದರೆಂದು ಪರಂಪರೆ ಹೇಳುತ್ತದೆ. ಬಯಲುಸೀಮೆಯ ನಮಗೆ ಆ ದಿನ ರಾಗಿ ಇನ್ನೂ ಹೊಲದಲ್ಲಿರುತ್ತದೆ. ಅವರದು ಕೃತಜ್ಞತೆಯಾದರೆ ನಮ್ಮದು ಹಾರೈಕೆ.

ಮೂರನೆಯದು ಬೀದಿ. ದೇವಾಲಯದೊಳಗಿನ ಪೂಜೆಗೆ ವಿಶ್ವಾಸಿಗಳು ಬರುತ್ತಾರೆ. ತೇರಾದರೋ ತಾನೇ ಎಲ್ಲರ ಬಾಗಿಲಿಗೆ ಹೋಗುತ್ತದೆ. ತೇರು ಬರುವ ಬೀದಿಗೆ ನೀರು ಚಿಮುಕಿಸಿ ರಂಗೋಲಿಯಿಡುವ ಹೆಂಗಸರೆಲ್ಲ ನಮ್ಮ ಮತದವರಲ್ಲ. ಫಿಲಿಪ್ಪೀನ್ಸಿನವರು ಪ್ರಭುವಿನ ಪಾಡುಗಳನ್ನು ‘ಸಿನಾಕುಲೊ’ ಎಂಬ ಬೀದಿನಾಟಕವಾಗಿ ಆಡುವಂತೆ, ಕನಕಪುರ ತಾಲ್ಲೂಕಿನ ಹಾರೋಬೆಲೆಯ ಒಕ್ಕಲು ಮಕ್ಕಳು ತಲೆಮಾರುಗಳಿಂದ ಪಾಡುಗಳ ನಾಟಕವನ್ನು ಕನ್ನಡದಲ್ಲಿ ಆಡುತ್ತ ಬಂದಿದ್ದಾರೆ. 1963ರಲ್ಲಿ ವ್ಯಾಟಿಕನ್ ಮಹಾಸಭೆ ಪೂಜೆಗೆ ಜನಭಾಷೆಯನ್ನು ಒಪ್ಪುವುದಕ್ಕೆ ಎಷ್ಟೋ ಮುಂಚೆಯೇ ಹಬ್ಬದ ಬೀದಿ ಜನರ ಭಾಷೆಯನ್ನಾಡುತ್ತಿತ್ತು. ಗುರು ಅಮಲೋರ್ಪವದಾಸರು ಬೆಂಗಳೂರಿನಲ್ಲಿ 1967ರಲ್ಲಿ ಆರಂಭಿಸಿದ ಕೇಂದ್ರದ ಪ್ರಯತ್ನದಿಂದ ಆರತಿ, ದೀಪ, ಅಂಜಲಿಗಳು 1969ರಲ್ಲಿ ಬಲಿಪೂಜೆಯೊಳಗೆ ಬಂದುವು. ಅವನ್ನು ಹೊಸತೆಂದು ವಿರೋಧಿಸಿದವರೂ ಇದ್ದರು. ತೇರಿನ ಮುಂದೆ ಅವು ಹಳೆಯವೇ ಆಗಿದ್ದುವು.

ನಮ್ಮ ಮುಂದಿರುವ ಪ್ರಶ್ನೆ

ಹಬ್ಬವನ್ನು ಇಷ್ಟು ಹೊಗಳಿದ ಮೇಲೆ ನಮ್ಮ ಅಂಗಳವನ್ನೂ ನೋಡಿಕೊಳ್ಳಬೇಕು. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ಬಲ್ಲ ನಾವೇ, ಪಕ್ಕದ ಊರಿಗಿಂತ ಹೆಚ್ಚು ದೀಪ, ಹೆಚ್ಚು ಸದ್ದು ಎಂದು ಪೈಪೋಟಿಗಿಳಿದಿಲ್ಲವೇ? ತೇರಿನ ಹಗ್ಗವನ್ನು ಮೊದಲು ಯಾರು ಹಿಡಿಯಬೇಕೆಂಬ ವ್ಯಾಜ್ಯದಲ್ಲಿ ತೇರು ಬೀದಿಯ ನಡುವೆಯೇ ನಿಂತ ಸಂಜೆಯನ್ನು ನಾವು ಕಣ್ಣಾರೆ ಕಂಡಿದ್ದೇವೆ. ಯಾವ ಕುಲದವರು ಮುಂದೆ, ಯಾವ ಭಾಷೆಯವರು ಹಿಂದೆ ಎಂಬ ಲೆಕ್ಕ ಸಂತರ ಸ್ವರೂಪದ ಕಣ್ಣೆದುರಿನಲ್ಲೇ ನಡೆಯಿತು. ದ್ಯುಬುವಾ ಅವರು ತಮಟೆಗೆ ನಾಚಿದರು. ಅಂದು ನಾವು ನಮಗೇ ನಾಚಬೇಕಾಯಿತು.

ಇದಕ್ಕಿಂತಲೂ ಆಳವಾದ ಪ್ರಶ್ನೆ ನೆಲದ್ದು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆದಂದಿನಿಂದ ಈ ಸೀಮೆಯ ಮುಖವೇ ಬದಲಾಗಿದೆ. ದ್ರಾಕ್ಷಿಯ ಚಪ್ಪರಗಳಿದ್ದಲ್ಲಿ ಬಡಾವಣೆಗಳಿವೆ. ರಾಗಿಯ ಕಣಗಳಿದ್ದಲ್ಲಿ ಗೋದಾಮುಗಳಿವೆ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಜಮೀನಿಗಾಗಿ ರೈತರು 2022ರಿಂದ ಮೂರು ವರ್ಷಗಳಿಗೂ ಮಿಕ್ಕಿ ಧರಣಿ ಕುಳಿತರು. 2025ರ ಜುಲೈ 15ರಂದು ಸರ್ಕಾರವು ಆ ಸ್ವಾಧೀನವನ್ನು ಕೈಬಿಡುವುದಾಗಿ ಪ್ರಕಟಿಸಿತು. ಹೊಲವೇ ಇಲ್ಲವಾದ ಊರಿನಲ್ಲಿ ಸುಗ್ಗಿಯ ಹಬ್ಬಕ್ಕೆ ತೆನೆಯನ್ನು ಎಲ್ಲಿಂದ ತರೋಣ? ಪೇಟೆಯಿಂದ ಕೊಂಡುತಂದ ತೆನೆಯನ್ನು ಆಶೀರ್ವದಿಸಬಹುದು. ಆದರೆ ಆ ಆಶೀರ್ವಾದ ಯಾರ ಬೆವರಿನ ಮೇಲೆ ಬೀಳುತ್ತದೆ?

ಈ ಪ್ರಶ್ನೆಗೆ ಉತ್ತರದ ಸುಳಿವೊಂದು ಫಿಲಿಪ್ಪೀನ್ಸಿನವರಿಂದಲೇ ದೊರೆಯುತ್ತದೆ. ಹೊಟ್ಟೆಪಾಡಿಗಾಗಿ ಸುಮಾರು ಒಂದು ಕೋಟಿಯಷ್ಟು ಫಿಲಿಪಿನೊ ಜನರು ನೆಲವನ್ನು ಬಿಟ್ಟು ದೇಶಾಂತರಗಳಲ್ಲಿ ದುಡಿಯುತ್ತಿದ್ದಾರೆ. ಹೊಲವನ್ನು ಒಯ್ಯಲಾರದೆ ಹೋದ ಅವರು ಹಬ್ಬವನ್ನು ಒಯ್ದರು. ಕೊಲ್ಲಿ ದೇಶಗಳಲ್ಲಿ, ಯೂರೋಪಿನ ನಗರಗಳಲ್ಲಿ, ದಾದಿಯರೂ ಮನೆಗೆಲಸದವರೂ ಕೂಡಿ ತಮ್ಮ ಒಂಬತ್ತು ದಿನಗಳ ಪೂಜೆಯನ್ನು ನಡೆಸುತ್ತಾರೆ. 2019ರ ಡಿಸೆಂಬರ್ 15ರಂದು ಅಂದಿನ ಜಗದ್ಗುರು ಫ್ರಾನ್ಸಿಸರು ರೋಮಿನ ಸಂತ ಪೇತ್ರರ ಮಹಾದೇವಾಲಯದಲ್ಲಿಯೇ ಅವರಿಗಾಗಿ ಸಿಂಬಾಂಗ್ ಗಾಬಿಯ ಬಲಿಪೂಜೆಯನ್ನು ಅರ್ಪಿಸಿದರು. ಹೊಲದಲ್ಲಿ ಹುಟ್ಟಿದ ಹಬ್ಬ ಹೊಲವಿಲ್ಲದವರಿಗೂ ಊರಾಯಿತು.

ಅಂಥವರು ನಮ್ಮ ನಡುವೆಯೂ ಇದ್ದಾರೆ. ನಮ್ಮ ಸುತ್ತ ಏಳುತ್ತಿರುವ ಕಟ್ಟಡಗಳಿಗೆ ಕಲ್ಲುಮಣ್ಣು ಹೊರುವವರಲ್ಲಿ ಝಾರ್ಖಂಡ್, ಒಡಿಶಾಗಳಿಂದ ಬಂದ ಕಥೋಲಿಕ ಆದಿವಾಸಿ ಕುಟುಂಬಗಳಿವೆ. ಭಾನುವಾರ ಅವರು ದೇವಾಲಯದ ಹಿಂದಿನ ಸಾಲಿನಲ್ಲಿ ನಿಲ್ಲುತ್ತಾರೆ. ಹಬ್ಬದಂದು ಬೀದಿಯ ಬದಿಯಲ್ಲಿ ನಿಂತು ತೇರನ್ನು ನೋಡುತ್ತಾರೆ. ಅವರ ಕೈಗೆ ತೇರಿನ ಹಗ್ಗವನ್ನು ನಾವು ಕೊಟ್ಟೆವೇ? ಅವರ ಹಾಡೊಂದನ್ನು ನವದಿನದ ಪ್ರಾರ್ಥನೆಯಲ್ಲಿ ಹಾಡಿಸಿದೆವೇ? ಶತಮಾನೋತ್ಸವದ ಸಂಭ್ರಮದಲ್ಲಿ ಧರ್ಮಕೇಂದ್ರವು ತನ್ನನ್ನು ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದೆಂದು ನಮ್ಮ ನಮ್ರ ಅಭಿಪ್ರಾಯ. ನೂರು ವರ್ಷ ನಾವು ನಮ್ಮ ಹಬ್ಬವನ್ನು ಮಾಡಿದೆವು. ನೂರೊಂದನೆಯದು ಬಂದವರೆಲ್ಲರ ಹಬ್ಬವಾಗಬೇಕಾದರೆ ಹೊಸ ದೀಪಾಲಂಕಾರ ಬೇಕಿಲ್ಲ. ಹಗ್ಗವನ್ನು ಇನ್ನೊಂದು ಮಾರು ಉದ್ದ ಮಾಡಿದರೆ ಸಾಕು.

ಆವತಿಯ ಬೆಟ್ಟದ ಕಡೆ ನೋಡಿದಾಗಲೆಲ್ಲ ಬಂಡಿಗಳಲ್ಲಿ ಬಂದ ಆ ಏಳು ಸಂಸಾರಗಳು ನಮಗೆ ನೆನಪಾಗುತ್ತವೆ. ಅವರು ಬಂದ ರಾತ್ರಿ ಈ ನೆಲದಲ್ಲಿ ಅವರನ್ನು ಬಲ್ಲವರು ಯಾರೂ ಇರಲಿಲ್ಲ. ಒಲೆ ಹೂಡಿ, ದೇವರಿಗೆ ಕೈಮುಗಿದು, ಇದ್ದುದನ್ನು ಹಂಚಿ ಉಂಡಿರಬೇಕು. ಊರು ಹುಟ್ಟಿದ್ದು ಹಾಗೆ. ಹಬ್ಬವೆಂದರೆ ಆ ಮೊದಲ ರಾತ್ರಿಯ ಊಟವನ್ನು ವರ್ಷವರ್ಷವೂ ನೆನೆಯುವುದು; ಇಂದು ರಾತ್ರಿ ಬಂಡಿಯಿಳಿದವನಿಗೂ ಎಲೆ ಹಾಕುವುದು.